ಹೂವಿನ ಹಿಂದಿನ ಕೈಗಳು

ಹೂವಿನ ಮಾತು ಬಂದರೆ ನಮ್ಮ ಹೆಂಗಸರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೈಸೂರು ಮಲ್ಲಿಗೆಯ ಕಂಪು ಹೆಚ್ಚೋ, ಶಂಕರಪುರದ ಮಲ್ಲಿಗೆಯದು ಹೆಚ್ಚೋ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಸೇವಂತಿಗೆ ಎಷ್ಟಕ್ಕೆ ಏರಿತು, ಕನಕಾಂಬರವನ್ನು ಒತ್ತಾಗಿ ಕಟ್ಟುವವರು ಈಗ ಯಾರಿದ್ದಾರೆ ಎಂಬ ಮಾತಿಗೆ ಕೊನೆಯೇ ಇಲ್ಲ. ಆದರೆ ಆ ಹೂವನ್ನು ನೆಟ್ಟು, ನೀರುಣಿಸಿ, ಮದ್ದು ಹೊಡೆದು, ಬಿಡಿಸಿದ ಕೈ ಯಾರದು, ಆ ಕೈ ಈಗ ಹೇಗಿದೆ ಎಂದು ನಾವು ಕೇಳುವುದು ಬಹಳ ಕಡಿಮೆ.

ನರ್ಸರಿ, ಹೂವಿನ ಕೃಷಿ, ಉದ್ಯಾನ, ಹಣ್ಣಿನ ತೋಟ, ಕಾಫಿ, ಚಹಾ, ಗೇರು ಇವುಗಳನ್ನೆಲ್ಲ ಒಟ್ಟು ಸೇರಿಸಿ ಹಸಿರು ಉದ್ಯಮ ಎಂದು ಕರೆಯುವುದು ಈಗ ರೂಢಿಗೆ ಬಂದಿದೆ. ಹಸಿರು ಎಂದ ಕೂಡಲೇ ಮನಸ್ಸಿಗೆ ತಂಪೆನಿಸುತ್ತದೆ. ಅಲ್ಲಿ ಹೊಗೆ ಕಾರುವ ಚಿಮಣಿಯಿಲ್ಲ, ಕೈ ಕತ್ತರಿಸುವ ಯಂತ್ರವಿಲ್ಲ, ಇನ್ನೇನು ಅಪಾಯ ಎನ್ನುತ್ತೇವೆ. ನನ್ನ ಪರಿಚಯದ ತಾಯಿಯೊಬ್ಬರು ಮಗಳನ್ನು ತೋಟಗಾರಿಕೆ ಕಾಲೇಜಿಗೆ ಸೇರಿಸುವಾಗ ಹೇಳಿದ್ದೂ ಇದನ್ನೇ: "ಹೆಣ್ಣುಮಕ್ಕಳಿಗೆ ಒಳ್ಳೆಯ ಲೈನು. ಗಿಡಮರದ ನಡುವೆ ಇರುತ್ತಾಳೆ, ಆರೋಗ್ಯವಾಗಿರುತ್ತಾಳೆ." ಲೈನು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹಸಿರಿನ ನಡುವೆ ದುಡಿಯುವವರು ಆರೋಗ್ಯವಾಗಿಯೇ ಇರುತ್ತಾರೆ ಎಂಬ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಆ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ, ಲಂಡನ್ನಿನ ಒಬ್ಬ ಹೂವಿನ ಹುಡುಗಿಯಿಂದ ಹೇಳಬೇಕು.

ಅವಳ ಹೆಸರು ಮಟಿಲ್ಡಾ ಷೂರರ್. ವಯಸ್ಸು 19. ಅವಳ ಕೆಲಸ ನಿಜವಾದ ಹೂವಿನದಲ್ಲ, ಬಟ್ಟೆಯ ಹೂವಿನದು. ವಿಕ್ಟೋರಿಯಾ ರಾಣಿಯ ಕಾಲದ ಸಿರಿವಂತ ಹೆಂಗಸರು ನೃತ್ಯಕೂಟಗಳಿಗೆ ಹೋಗುವಾಗ ತಲೆಗೆ ಎಲೆ, ಹೂವು, ಬಳ್ಳಿಗಳ ಅಲಂಕಾರ ಮಾಡಿಕೊಳ್ಳುತ್ತಿದ್ದರು. ಆ ಕೃತಕ ಎಲೆಗಳಿಗೆ ಚಿಗುರಿನ ಹೊಳಪು ಬರಲೆಂದು ಒಂದು ಹಸಿರು ಪುಡಿಯನ್ನು ಉದುರಿಸುತ್ತಿದ್ದರು. ಅಷ್ಟು ಕಣ್ಣಿಗೆ ಹೊಡೆಯುವ ಹಸಿರು ಅದಕ್ಕೂ ಮುಂಚೆ ಮಾರುಕಟ್ಟೆಯಲ್ಲಿ ಇರಲಿಲ್ಲ. ಅದು ತಾಮ್ರ ಮತ್ತು ಆರ್ಸೆನಿಕ್ ಸೇರಿದ ಬಣ್ಣ. ಆರ್ಸೆನಿಕ್ ಎಂದರೆ ನಮ್ಮಲ್ಲಿ ಪಾಷಾಣ ಎನ್ನುತ್ತಾರಲ್ಲ, ಅದೇ. ಮಟಿಲ್ಡಾಳಂಥ ಹುಡುಗಿಯರು ದಿನವಿಡೀ ಈ ಪುಡಿಯನ್ನು ಎಲೆಗಳ ಮೇಲೆ ಉದುರಿಸಿ ತಟ್ಟುತ್ತಿದ್ದರು. ಪುಡಿ ಉಸಿರಿನೊಳಗೆ ಹೋಗುತ್ತಿತ್ತು, ಉಗುರಿನ ಸಂದಿಯಲ್ಲಿ ಕೂರುತ್ತಿತ್ತು, ಅದೇ ಕೈಯಲ್ಲಿ ಬ್ರೆಡ್ಡು ತಿನ್ನುವಾಗ ಹೊಟ್ಟೆಗೂ ಇಳಿಯುತ್ತಿತ್ತು. 1861ರ ನವೆಂಬರಿನಲ್ಲಿ ಮಟಿಲ್ಡಾ ತೀರಿಕೊಂಡಳು. ಅವಳು ಕಾರಿಕೊಂಡದ್ದು ಹಸಿರಾಗಿತ್ತು, ಕಣ್ಣಿನ ಬಿಳಿಭಾಗ ಹಸಿರಾಗಿತ್ತು. ನೋಡಿದ್ದೆಲ್ಲ ಹಸಿರಾಗಿ ಕಾಣುತ್ತದೆ ಎಂದು ಅವಳು ವೈದ್ಯನಿಗೆ ಹೇಳಿದ್ದಳು.

ಬಡ ಹುಡುಗಿಯರು ಸಾಯುವುದು ಆ ನಗರಕ್ಕೆ ಹೊಸತಲ್ಲ. ಆದರೆ ಈ ಬಾರಿ ಸುದ್ದಿ ಅಲ್ಲಿಗೇ ಮುಗಿಯಲಿಲ್ಲ. ಲಂಡನ್ನಿನಲ್ಲಿ ಮಹಿಳೆಯರದೇ ಒಂದು ಆರೋಗ್ಯ ಸಂಘವಿತ್ತು. ಅದರ ಸದಸ್ಯೆ ಮಿಸ್ ನಿಕಲ್ಸನ್ ಎಂಬವರು ಹೂವು ತಯಾರಿಸುವ ಕೋಣೆಗಳಿಗೆ ತಾವೇ ಹೋಗಿ, ಹುಡುಗಿಯರ ಕೈಯ ಹುಣ್ಣುಗಳನ್ನು ನೋಡಿ, ನೋಡಿದ್ದನ್ನು ಬರೆದು ಪ್ರಕಟಿಸಿದರು. ಸಂಘವು ಆ ಎಲೆಗಳನ್ನು ಹಾಫ್‌ಮನ್ ಎಂಬ ಪ್ರಸಿದ್ಧ ರಸಾಯನ ವಿಜ್ಞಾನಿಗೆ ಕೊಟ್ಟು ಪರೀಕ್ಷೆ ಮಾಡಿಸಿತು. ಒಂದು ತಲೆಯ ಅಲಂಕಾರದಲ್ಲಿ 20 ಜನರನ್ನು ಕೊಲ್ಲಬಲ್ಲಷ್ಟು ಆರ್ಸೆನಿಕ್ ಇದೆ ಎಂದು ಆತ 1862ರ ಫೆಬ್ರವರಿಯಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಬರೆದ. ಹುಡುಗಿಯ ಸಾವಿಗೆ ಅಷ್ಟಾಗಿ ಕಲಕದ ಮನಸ್ಸುಗಳು ತಮ್ಮ ತಲೆಯ ಮೇಲಿನ ವಿಷದ ಸುದ್ದಿಗೆ ಬೆಚ್ಚಿದವು. ಹಸಿರು ಬಟ್ಟೆ ತೊಟ್ಟವರನ್ನು ಕಂಡರೆ ದೂರ ಸರಿಯುವ ಕಾಲ ಬಂತು. ಸರ್ಕಾರವೂ ವರದಿ ತರಿಸಿಕೊಂಡಿತು. ಆದರೆ ಆ ಬಣ್ಣವನ್ನು ನಿಷೇಧಿಸಲಿಲ್ಲ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆರ್ಸೆನಿಕ್ ಅಲ್ಲ, ಆ ಕೋಣೆಗೆ ಹೋಗಿ ನೋಡಿದ ಹೆಂಗಸು. ನಿಯಮ, ಕಾಯಿದೆ, ತನಿಖೆ ಎಲ್ಲಕ್ಕೂ ಮೊದಲು ಯಾರಾದರೊಬ್ಬರು ದುಡಿಯುವ ಕೈಯನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಸರ್ಕಾರವೇ ಮಹಿಳೆಯರನ್ನು ಕಾರ್ಖಾನೆ ತನಿಖಾಧಿಕಾರಿಗಳಾಗಿ ನೇಮಿಸಿಕೊಂಡದ್ದು 1893ರಲ್ಲಿ. ಮೇ ಅಬ್ರಹಾಂ ಮತ್ತು ಮೇರಿ ಪ್ಯಾಟರ್ಸನ್ ಎಂಬಿಬ್ಬರು ಮೊದಲು ಆ ಹುದ್ದೆಗೆ ಬಂದರು. ಅವರ ನಂತರ ಬಂದ ಲೂಸಿ ಡೀನ್ 1898ರಲ್ಲೇ ಆಸ್ಬೆಸ್ಟಾಸಿನ ಧೂಳು ಕೆಲಸಗಾರರಿಗೆ ಕೇಡು ಮಾಡುತ್ತಿದೆ ಎಂದು ವರದಿಯಲ್ಲಿ ಬರೆದರು. ಆ ಧೂಳಿಗೆ ಅಲ್ಲಿ ನಿಯಮ ಬಂದದ್ದು 1931ರಲ್ಲಿ. ನೋಡಿದವಳು ಹೇಳಿದ್ದಕ್ಕೂ ಕಾಯಿದೆ ಕಣ್ಣು ಬಿಟ್ಟದ್ದಕ್ಕೂ ನಡುವೆ 33 ವರ್ಷ! ಈ ಅಂತರವನ್ನು ನೆನಪಿನಲ್ಲಿ ಇಟ್ಟುಕೊಳ್ಳೋಣ, ಮುಂದೆ ನಮ್ಮ ನೆಲದಲ್ಲೂ ಅದು ಸಿಗುತ್ತದೆ.

ಮಟಿಲ್ಡಾಳನ್ನು ಕೊಂದ ಹಸಿರು ಪುಡಿ ಮುಂದೆ ಎಲ್ಲಿಗೆ ಹೋಯಿತು ಗೊತ್ತೇ? ಹೊಲಕ್ಕೆ. 1867ರ ಸುಮಾರಿಗೆ ಅಮೆರಿಕದ ರೈತರು ಆಲೂಗಡ್ಡೆ ಗಿಡ ತಿನ್ನುವ ಜೀರುಂಡೆಗೆ ಅದನ್ನು ಎರಚತೊಡಗಿದರು. ಪ್ಯಾರಿಸ್ ಗ್ರೀನ್ ಎಂಬ ಹೆಸರಿನ ಈ ಪುಡಿ, ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಮೊದಲ ರಾಸಾಯನಿಕ ಕೀಟನಾಶಕಗಳಲ್ಲಿ ಒಂದು. ಕೃತಕ ಎಲೆಯನ್ನು ಅಂದಗೊಳಿಸಿದ ವಿಷ ನಿಜವಾದ ಎಲೆಯ ರಕ್ಷಣೆಗೆ ನಿಂತಿತು. ಎಲೆಯ ಬಳಿ ಇರುವ ಕೈಯ ಚಿಂತೆ ಮಾತ್ರ ಅಲ್ಲೂ ಯಾರಿಗೂ ಇರಲಿಲ್ಲ.

ನನ್ನ ತವರು ಮಲೆನಾಡಿನ ಅಡಿಕೆ ತೋಟದ ಊರು. ನಮ್ಮ ಕಡೆ ಮದ್ದು ಎಂದರೆ ಮೊದಲು ನೆನಪಾಗುವುದು ಬೋರ್ಡೋ ದ್ರಾವಣ. ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಈ ನೀಲಿ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್‌ಮನ್ ಕಳೆದ ಶತಮಾನದ ಆರಂಭದಲ್ಲಿ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ತೋರಿಸಿಕೊಟ್ಟರು. ಮಲೆನಾಡಿನ ಎಷ್ಟೋ ಮನೆಗಳ ಒಲೆ ಉರಿದದ್ದು ಆ ನೀಲಿ ನೀರಿನಿಂದ, ಅದನ್ನು ಮರೆಯಬಾರದು. ಮರ ಹತ್ತಿ ಮದ್ದು ಹೊಡೆಯುವವನು ಗಂಡಸು. ಅವನ ಸಾಹಸವನ್ನು ಎಲ್ಲರೂ ಕಾಣುತ್ತಾರೆ. ಕೆಳಗೆ ಸುಣ್ಣ ಸೋಸುವವಳು, ಕೊಡದಲ್ಲಿ ನೀರು ಹೊತ್ತು ತರುವವಳು, ಸಂಜೆ ನೀಲಿಗಟ್ಟಿದ ಅಂಗಿ ಪಂಚೆಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸುಬುವವಳು ಹೆಂಗಸು. ಅವಳು ಮದ್ದು ಹೊಡೆದವಳೆಂದು ಯಾರೂ ಎಣಿಸುವುದಿಲ್ಲ. ಬೋರ್ಡೋ ಬಟ್ಟೆಯ ಮೇಲೆ ತನ್ನ ಬಣ್ಣವನ್ನು ತೋರಿಸಿಕೊಡುತ್ತದೆ. ಅದರ ನಂತರ ಬಂದ ಮದ್ದುಗಳಿಗೆ ಆ ಪ್ರಾಮಾಣಿಕತೆಯೂ ಇರಲಿಲ್ಲ.

ಆ ಮದ್ದುಗಳಲ್ಲಿ ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿರುವ ಹೆಸರು ಫಾಲಿಡಾಲ್. ಒಳಗಿನ ರಾಸಾಯನಿಕದ ಹೆಸರು ಪ್ಯಾರಾಥಿಯಾನ್. ನಮ್ಮ ನರಗಳು ಸ್ನಾಯುಗಳಿಗೆ ಆಜ್ಞೆ ಕಳಿಸಿದ ಮೇಲೆ ಆ ಆಜ್ಞೆಯನ್ನು ಅಳಿಸಿಹಾಕುವ ವಸ್ತುವೊಂದು ದೇಹದಲ್ಲಿದೆ. ಈ ಜಾತಿಯ ವಿಷ ಅದನ್ನು ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲುವುದೇ ಇಲ್ಲ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದು, ವಾಂತಿ, ಕೊನೆಗೆ ಉಸಿರಾಟಕ್ಕೇ ತೊಂದರೆ. ಅದು ಬಾಯಿಂದಲೇ ಒಳಗೆ ಹೋಗಬೇಕೆಂದಿಲ್ಲ, ಚರ್ಮದ ಮೂಲಕವೂ ಇಳಿಯುತ್ತದೆ.

1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಊಟ ಮಾಡಿ ಸತ್ತರು. ಹಡಗಿನಲ್ಲಿ ಗೋಧಿಹಿಟ್ಟಿನ ಜೊತೆಗೇ ಫಾಲಿಡಾಲ್ ಸಾಗಿಸಿದ್ದರು. ಅದು ಸೋರಿ ಹಿಟ್ಟಿಗೆ ಸೇರಿತ್ತು. ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ವಿಚಾರಣೆ ನಡೆಸಿತು. ಅಡುಗೆಮನೆಯ ಹಿಟ್ಟಿಗೆ ಬೆರೆತು ಅಷ್ಟು ಜನರನ್ನು ಕೊಂದ ಮೇಲೆ ಈ ವಿಷಕ್ಕೊಂದು ಕಾಯಿದೆ ಬೇಕೆಂದು ದೇಶಕ್ಕೆ ಮನವರಿಕೆಯಾಯಿತು. ಈ ನಡುವೆ 1962ರಲ್ಲಿ ಅಮೆರಿಕದ ಜೀವವಿಜ್ಞಾನಿ ರೇಚೆಲ್ ಕಾರ್ಸನ್ 'ಸೈಲೆಂಟ್ ಸ್ಪ್ರಿಂಗ್' ಬರೆದು, ಕೀಟನಾಶಕಗಳು ಹಕ್ಕಿ, ಮೀನು, ಮನುಷ್ಯರಿಗೆ ಏನು ಮಾಡುತ್ತಿವೆ ಎಂದು ಜಗತ್ತಿಗೇ ಹೇಳಿದರು. ಮದುವೆಯಾಗದ ಹೆಂಗಸಿಗೆ ಮುಂದಿನ ಪೀಳಿಗೆಯ ಚಿಂತೆ ಯಾಕೆ ಎಂದು ಅವರನ್ನು ಹಂಗಿಸಿದವರೂ ಇದ್ದರು. ಸ್ತನ ಕ್ಯಾನ್ಸರ್ ಇಟ್ಟುಕೊಂಡೇ ಆ ಪುಸ್ತಕ ಮುಗಿಸಿದ ಅವರು 1964ರಲ್ಲಿ ತೀರಿಕೊಂಡರು. ನಮ್ಮಲ್ಲಿ ಕೀಟನಾಶಕ ಕಾಯಿದೆ ಬಂದದ್ದು 1968ರಲ್ಲಿ, ಅದರ ನಿಯಮಾವಳಿ 1971ರಲ್ಲಿ.

ಆ ನಿಯಮಗಳನ್ನು ಓದಿದರೆ ಆಶ್ಚರ್ಯವಾಗುತ್ತದೆ, ಅಷ್ಟು ಚೆನ್ನಾಗಿವೆ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರಬೇಕು: ಕೆಂಪು ಇದ್ದರೆ ಅತ್ಯಂತ ಘೋರ ವಿಷ, ಅದರ ಕೆಳಗೆ ಹಳದಿ, ಅದರ ಕೆಳಗೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ವಿಷವೇ ಅಲ್ಲ ಎಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಮದ್ದು ಮುಟ್ಟುವವರಿಗೆ ರಕ್ಷಣೆಯ ಉಡುಪು ಇರಬೇಕು: ಮೈ ಮುಚ್ಚುವ ಹೊರ ಅಂಗಿ, ತಲೆಗೆ ಟೋಪಿ, ಮುಂಗೈಯ ಅರ್ಧದವರೆಗೆ ಬರುವ ರಬ್ಬರಿನ ಕೈಗವಸು, ಧೂಳು ತಡೆಯುವ ಕನ್ನಡಕ, ಬೂಟು. ಆ ಬಟ್ಟೆಯನ್ನು ಪ್ರತಿ ಬಳಕೆಯ ನಂತರ ತೊಳೆದು ವಿಷ ತೆಗೆಯುವಂತಿರಬೇಕು. ಕೆಲಸಗಾರರಿಗೆ ತರಬೇತಿ ಕೊಡಬೇಕು. ವಿಮಾನದಿಂದ ಸಿಂಪಡಿಸುವುದಾದರೆ 24 ಗಂಟೆ ಮೊದಲೇ ಊರವರಿಗೆ ತಿಳಿಸಬೇಕು.

ಓದುತ್ತಾ ಓದುತ್ತಾ ನನಗೊಂದು ಚಿತ್ರ ಕಣ್ಣ ಮುಂದೆ ಬರುತ್ತದೆ. ಬೂಟು, ಕನ್ನಡಕ, ಹೊರ ಅಂಗಿ ತೊಟ್ಟು ನಿಂತ ಆ ಮನುಷ್ಯ ಗಂಡಸು. ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಗದ್ದೆಗಿಳಿದವಳನ್ನು ಈ ನಿಯಮ ಬರೆದವರು ಕಣ್ಣೆದುರು ಇಟ್ಟುಕೊಂಡಿರಲಾರರು. ಒದ್ದೆಯಾದ ಸೀರೆಯ ಅಂಚು ದಿನವಿಡೀ ಮೊಣಕಾಲಿಗೆ ತಾಗುತ್ತಿರುತ್ತದೆ, ಅದರೊಂದಿಗೆ ಮದ್ದೂ ತಾಗುತ್ತಿರುತ್ತದೆ. ಡಬ್ಬಿಯ ಗಟ್ಟಿ ಮದ್ದನ್ನು ನೀರಿಗೆ ಸುರಿಯುವ ಕ್ಷಣವೇ ಬಹಳ ಅಪಾಯದ್ದು, ಆ ಹೊತ್ತಿಗೆ ಕೊಡದ ನೀರು ಹೊಯ್ಯುತ್ತ ನಿಂತಿರುವವಳು ಅವಳೇ. ಮದ್ದು ಹೊಡೆದ ಮರುದಿನ ಕಳೆ ಕೀಳಲು, ಕಾಯಿ ಬಿಡಿಸಲು ಇಳಿಯುವವಳೂ ಅವಳೇ. ಗಂಡನ ಅಂಗಿ ಒಗೆದು, ಅದೇ ಬಕೆಟ್ಟಿನಲ್ಲಿ ಮಗುವಿನ ಚಡ್ಡಿ ನೆನೆಸುವವಳೂ ಅವಳೇ. ಕಾಯಿದೆಯ ಭಾಷೆಯಲ್ಲಿ ಇವಳಿಗೆ ಹೆಸರಿಲ್ಲ. ಸ್ವಂತ ಹೊಲದಲ್ಲಾದರೆ ಇವಳಿಗೆ ಮಾಲೀಕನೂ ಇಲ್ಲ, ಯಾರನ್ನು ಹೊಣೆ ಮಾಡುವುದು?

ಗಂಡಸರಿಗಾದರೂ ಆ ಉಡುಪು ಸಿಕ್ಕಿತೇ ಎಂದರೆ ಅದೂ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಲ್ ಜಿಲ್ಲೆಯಲ್ಲಿ ಹತ್ತಿಗೆ ಮದ್ದು ಹೊಡೆಯುತ್ತಾ 20ಕ್ಕೂ ಹೆಚ್ಚು ರೈತರು, ಕೂಲಿಗಳು ಸತ್ತರು. ನಿಯಮ ಬರೆದು ಆಗ 46 ವರ್ಷವಾಗಿತ್ತು.

ಕೀಟನಾಶಕವನ್ನು ಹೊಡೆಯುವ ಕಡೆಯ ಕತೆ ಇದಾದರೆ, ತಯಾರಿಸುವ ಕಡೆಯ ಕತೆ ಭೋಪಾಲದ್ದು. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಅನಿಲ ಸಾವಿರಾರು ಜನರನ್ನು ಕೊಂದದ್ದು ನಮಗೆಲ್ಲ ಗೊತ್ತು. ಆ ಕಾರ್ಖಾನೆ ತಯಾರಿಸುತ್ತಿದ್ದದ್ದು ಗಿಡಕ್ಕೆ ಹಾಕುವ ಮದ್ದು ಎಂಬುದನ್ನು ಮಾತ್ರ ಮರೆತುಬಿಡುತ್ತೇವೆ. ಸೆವಿನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಕಾರ್ಬರಿಲ್ ಅದು. ದುರಂತದ ನಂತರ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 1987ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ತಾನು ಕೆಲಸ ಮಾಡುವ ಜಾಗದ ಅಪಾಯವನ್ನು ತಿಳಿದುಕೊಳ್ಳುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. ಅನಿಲದಿಂದ ಬದುಕುಳಿದ ರಶೀದಾ ಬೀ ಮತ್ತು ಚಂಪಾದೇವಿ ಶುಕ್ಲಾ ಸಂತ್ರಸ್ತರಿಗಾಗಿ ತೆರೆದ ಲೇಖನ ಸಾಮಗ್ರಿಯ ಘಟಕವೊಂದರಲ್ಲಿ ದುಡಿಯುವಾಗ ಜೊತೆಯಾದರು. ಕೂಲಿಗಾಗಿ ಸಂಘ ಕಟ್ಟಿದರು. 1989ರಲ್ಲಿ ಹೆಂಗಸರನ್ನು ಕಟ್ಟಿಕೊಂಡು ಭೋಪಾಲದಿಂದ ದೆಹಲಿಯವರೆಗೆ ನಡೆದೇ ಹೋದರು. ಮುಂದೆ ಕಂಪನಿಯನ್ನು ಪ್ರಶ್ನಿಸಿ ನಿಂತ ಅವರಿಗೆ 2004ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಕಾರ್ಬರಿಲ್‌ಗೆ ಭಾರತದಲ್ಲಿ ನಿಷೇಧ ಬಂದದ್ದು 2018ರಲ್ಲಿ. ಲೂಸಿ ಡೀನರ ಧೂಳಿಗೆ 33 ವರ್ಷ ಬೇಕಾಗಿತ್ತು, ಇದಕ್ಕೆ 34.

ಭೋಪಾಲ ನಮಗೆ ದೂರ ಎನಿಸಿದರೆ ಕಾಸರಗೋಡಿಗೆ ಬರೋಣ. ಪಡ್ರೆ, ಎಣ್ಮಕಜೆ, ಸ್ವರ್ಗ ಎಲ್ಲ ಕನ್ನಡ, ತುಳು ಮನೆಮಾತಿನ ಊರುಗಳು. ಅಲ್ಲಿನ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಷನ್ ನಿಗಮದ ಗೇರು ತೋಟಗಳಿದ್ದವು. 1970ರ ದಶಕದ ಕೊನೆಯಿಂದ 2000ದವರೆಗೆ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳುತ್ತಿದ್ದರು. ಆದರೆ ಆ ಕಡೆಯವರು ನೀರು ಕುಡಿಯುವುದು ಬಹಳಷ್ಟು ಸುರಂಗಗಳಿಂದ. ಗುಡ್ಡದ ಹೊಟ್ಟೆಯೊಳಗಿಂದ ಹರಿದು ಬರುವ ನೀರಿಗೆ ಮುಚ್ಚಳ ಹಾಕುವುದು ಹೇಗೆ? ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು 1980ರ ಆಸುಪಾಸಿನಲ್ಲೇ ಪತ್ರಕರ್ತ ಶ್ರೀ ಪಡ್ರೆ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ನರದ ಕಾಯಿಲೆ, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಇಷ್ಟಿದೆ ಎಂದು ಕೇಳತೊಡಗಿದರು.

ನ್ಯಾಯಾಲಯದ ಬಾಗಿಲು ತಟ್ಟಿ ಸಿಂಪಡಣೆ ನಿಲ್ಲಿಸಿದವಳು ಒಬ್ಬ ಸರ್ಕಾರಿ ನೌಕರೆ. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ ಪೆರಿಯದಲ್ಲಿ ಗೇರು ತೋಟದ ಪಕ್ಕ ಮನೆ ಕಟ್ಟಿಕೊಂಡಿದ್ದರು. ಅಕ್ಕಪಕ್ಕದ ಮನೆಗಳ ಕಾಯಿಲೆಗಳನ್ನು ಕಂಡು 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋದರು. 2000ದಲ್ಲಿ ನ್ಯಾಯಾಲಯ ಆಕಾಶದಿಂದ ಮದ್ದು ಸುರಿಯುವುದನ್ನು ತಡೆಯಿತು. ಕೀಟನಾಶಕದ ಭಾಷೆ ಬಲ್ಲ ಇಲಾಖೆಯ ಒಳಗಿನವಳೇ ಅದರ ವಿರುದ್ಧ ನಿಂತದ್ದು ಸಣ್ಣ ಮಾತಲ್ಲ. ನಮ್ಮ ರಾಜ್ಯದ ಗೇರು ಅಭಿವೃದ್ಧಿ ನಿಗಮವೂ ದಕ್ಷಿಣ ಕನ್ನಡದಲ್ಲಿ ಇದೇ ಮದ್ದನ್ನು ಇದೇ ರೀತಿ ಹೊಡೆಸಿತ್ತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಅದರ ಗುರುತುಗಳಿವೆ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. ಎಲ್ಲ ಕಾಯಿಲೆಗೂ ಆ ಒಂದೇ ಮದ್ದು ಕಾರಣವೇ ಎಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಆ ವಾದ ನಡೆಯಲಿ. ಆದರೆ ಮೂವತ್ತು ದಾಟಿದ ಮಗನಿಗೆ ಈಗಲೂ ತುತ್ತು ತಿನ್ನಿಸುವ ತಾಯಿ ಯಾವ ಕೆಲಸಗಾರರ ಪಟ್ಟಿಯಲ್ಲೂ ಇಲ್ಲ. ಅವಳ ಕೆಲಸಕ್ಕೆ ರಜೆಯೂ ಇಲ್ಲ, ನಿವೃತ್ತಿಯೂ ಇಲ್ಲ.

ಗೇರಿನಿಂದ ಮತ್ತೆ ಹೂವಿಗೆ ಬರುತ್ತೇನೆ. ಬೆಂಗಳೂರಿನ ಸುತ್ತ, ದೊಡ್ಡಬಳ್ಳಾಪುರ, ದೇವನಹಳ್ಳಿ, ಆನೇಕಲ್ಲಿನ ಕಡೆ ಗುಲಾಬಿಯ ಪಾಲಿಹೌಸುಗಳು 1990ರ ದಶಕದಿಂದ ಏಳತೊಡಗಿದವು. ಅಲ್ಲಿನ ಗುಲಾಬಿ ಪ್ರೇಮಿಗಳ ದಿನಕ್ಕೆ ವಿಮಾನ ಹತ್ತುತ್ತದೆ. ಮೊಗ್ಗು ಚಿವುಟುವುದು, ಹೂ ಕತ್ತರಿಸುವುದು, ಉದ್ದ ನೋಡಿ ಬೇರೆ ಮಾಡಿ ಕಟ್ಟುವುದು ಬಹುಪಾಲು ಹೆಂಗಸರ ಕೆಲಸ. ಅಂಥದೊಂದು ಮನೆಯನ್ನು ನಾನೂ ನೋಡಿದ್ದೇನೆ. ಹೊರಗಿನ ಬಿಸಿಲಿಗಿಂತ ಒಳಗೆ ಹೆಚ್ಚು ಸೆಕೆ. ಮೇಲೆ, ಸುತ್ತ ಪ್ಲಾಸ್ಟಿಕ್ಕಿನ ಹೊದಿಕೆ ಇರುವುದರಿಂದ ಬಯಲಿನಲ್ಲಿ ಗಾಳಿಗೆ ಚದುರುವ ಮದ್ದು ಇಲ್ಲಿ ಬೇಗ ಹೊರಗೆ ಹೋಗುವುದಿಲ್ಲ. ಹಾಗಾಗಿ ಮದ್ದು ಹೊಡೆದ ಮೇಲೆ ಗಾಳಿಯಾಡಿ ಎಲೆ ಒಣಗಿ, ಡಬ್ಬಿಯ ಮೇಲೆ ಬರೆದಷ್ಟು ಗಂಟೆ ಕಳೆಯುವವರೆಗೆ ಯಾರೂ ಒಳಗೆ ಹೋಗಬಾರದು. ಅಲ್ಲಿ ಕೆಲಸ ಮಾಡುತ್ತಿದ್ದ ನಡುವಯಸ್ಸಿನ ಹೆಂಗಸನ್ನು, "ಮದ್ದು ಹೊಡೆದ ಮೇಲೆ ಎಷ್ಟು ಹೊತ್ತು ಬಿಟ್ಟು ಬರ್ತೀರಿ?" ಎಂದು ಕೇಳಿದೆ. ಅವಳು ನಕ್ಕು, "ಹೂವು ಕಾಯ್ತದಾ ಅಮ್ಮಾ? ಅರಳಿಬಿಟ್ರೆ ಲಾರಿಗೆ ಬೇಡ," ಎಂದಳು. ಅರಳುವ ಮುನ್ನ ಕತ್ತರಿಸಬೇಕೆಂಬ ಮಾರುಕಟ್ಟೆಯ ಗಡಿಯಾರ ಒಂದು, ವಿಷ ಆರುವವರೆಗೆ ಕಾಯಬೇಕೆಂಬ ಡಬ್ಬಿಯ ಗಡಿಯಾರ ಇನ್ನೊಂದು. ಅವಳು ಯಾವುದರ ಮಾತು ಕೇಳುತ್ತಿದ್ದಳೆಂದು ಬೇರೆ ಹೇಳಬೇಕಾಗಿಲ್ಲ.

ಕಾಫಿ, ಚಹಾ, ರಬ್ಬರು ತೋಟಗಳವರಿಗೆ 1951ರಷ್ಟು ಹಿಂದೆಯೇ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ಬಂದಿತ್ತು. ಕುಡಿಯುವ ನೀರು, ಶೌಚಾಲಯ, ಆಸ್ಪತ್ರೆ, 50 ಹೆಂಗಸರಿದ್ದಲ್ಲಿ ಶಿಶುಮಂದಿರ ಎಲ್ಲ ಅದರಲ್ಲಿತ್ತು. ಕೊಡಗು, ಚಿಕ್ಕಮಗಳೂರಿನ ಲೈನುಮನೆಗಳ ಹೆಂಗಸರಿಗೆ ಅದು ಎಷ್ಟೋ ಆಸರೆ. ಆದರೆ ಕೀಟನಾಶಕದಿಂದ ರಕ್ಷಣೆಯ ಮಾತು ಆ ಕಾಯಿದೆಗೆ ಸೇರಿದ್ದು 2010ರಲ್ಲಿ, ಅಂದರೆ 59 ವರ್ಷದ ನಂತರ! ಅದು ಹೆಸರಿಸಿದ ಬೆಳೆಗಳ ಪಟ್ಟಿಯಲ್ಲಿ ಹೂವು ಇರಲಿಲ್ಲ. ಈಗ ಆ ಕಾಯಿದೆಯೂ ಹಳೆಯದಾಯಿತು. ಕಾರ್ಮಿಕರ ಸುರಕ್ಷತೆ, ಆರೋಗ್ಯ, ಕೆಲಸದ ಪರಿಸ್ಥಿತಿಗೆ ಸಂಬಂಧಿಸಿದ 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು, ಅದನ್ನೂ ಕಾರ್ಖಾನೆ ಕಾಯಿದೆಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಹೊಸ ಪುಸ್ತಕದ ಅಕ್ಷರಗಳು ಗುಲಾಬಿ ಮನೆಯ ಬಾಗಿಲವರೆಗೆ ಹೋಗಬೇಕಾದರೆ ಯಾರಾದರೂ ಅವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು.

ನಮ್ಮ ಹೆಣ್ಣುಮಕ್ಕಳ ಓದು, ಉದ್ಯೋಗದ ಮಾತು ಇಲ್ಲಿಯೇ ಬರುತ್ತದೆ. ಹಸಿರಿನ ಕೆಲಸದಲ್ಲಿ ಹೆಣ್ಣಿಗೆ ಕೂಲಿಯ ಜಾಗ ಯಾವಾಗಲೂ ಇತ್ತು. ಅಧಿಕಾರದ ಜಾಗ ಸಿಕ್ಕಿದ್ದು ತಡವಾಗಿ. ಲಂಡನ್ನಿನ ಪ್ರಸಿದ್ಧ ಕ್ಯೂ ಉದ್ಯಾನದಲ್ಲಿ ತರಬೇತಾದ ತೋಟಗಾರ್ತಿಯರನ್ನು ಮೊದಲು ತೆಗೆದುಕೊಂಡದ್ದು 1896ರಲ್ಲಿ. ಜೊತೆಯ ಗಂಡಸರ ಚಿತ್ತ ಕೆಡಬಾರದೆಂದು ಅವರಿಗೆ ಗಂಡಸರಂತೆಯೇ ಮೊಣಕಾಲುದ್ದದ ದೊಗಲೆ ಚೊಣ್ಣ ತೊಡಿಸಿದರು. ಅದನ್ನು ನೋಡಲೆಂದೇ ಜನ ಮುಗಿಬಿದ್ದರಂತೆ! ಅವಳ ಉಡುಪಿನ ಚಿಂತೆ ಆಗಲೂ ಇತ್ತು, ಆದರೆ ಅದು ಅವಳ ರಕ್ಷಣೆಯ ಚಿಂತೆಯಾಗಿರಲಿಲ್ಲ. ಅದರ ಐವತ್ತು ವರ್ಷದ ನಂತರ, 1946ರಲ್ಲಿ, ನಮ್ಮ ತಲಶ್ಶೇರಿಯ ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಇಂಗ್ಲೆಂಡಿನ ವಿಸ್ಲಿ ಉದ್ಯಾನದಲ್ಲಿ ಸಂಬಳದ ವಿಜ್ಞಾನಿಯಾಗಿ ಸೇರಿದರು. ಅವರ ಹೆಸರಿನ ಒಂದು ಮ್ಯಾಗ್ನೋಲಿಯಾ ಇವತ್ತಿಗೂ ಅಲ್ಲಿ ಹೂಬಿಡುತ್ತದೆ.

ಈಗ ನಮ್ಮಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಒಂದು ವಿಶ್ವವಿದ್ಯಾಲಯವಿದೆ, ಮೂಡಿಗೆರೆ, ಅರಭಾವಿಗಳಲ್ಲಿ ಕಾಲೇಜುಗಳಿವೆ. ಅಲ್ಲಿ ಓದಿದ ಹೆಣ್ಣುಮಕ್ಕಳು ಇಲಾಖೆಯ ಅಧಿಕಾರಿಗಳಾಗುತ್ತಾರೆ, ನರ್ಸರಿ ನಡೆಸುತ್ತಾರೆ, ಮದ್ದಿನ ಕಂಪನಿಗಳಲ್ಲೂ ಸೇರುತ್ತಾರೆ. ಯಾವುದಕ್ಕೆ ಸೇರಿದರೂ ಒಳ್ಳೆಯದೇ. ನನ್ನ ಆಸೆ ಒಂದೇ. ಅವರಲ್ಲಿ ಕೆಲವರಾದರೂ ಕೆಲಸದ ಜಾಗದ ಸುರಕ್ಷತೆಯನ್ನೇ ತಮ್ಮ ವಿಷಯವಾಗಿ ಆರಿಸಿಕೊಳ್ಳಲಿ. ತನಿಖಾಧಿಕಾರಿಯಾಗಿ, ವೈದ್ಯೆಯಾಗಿ, ಸೀರೆ ಉಟ್ಟವಳಿಗೆ ಹೊಂದುವ ರಕ್ಷಣೆಯ ಉಡುಪನ್ನು ಹೊಲಿಯುವವಳಾಗಿಯಾದರೂ ಬರಲಿ. ಪಾಲಿಹೌಸಿನ ಹೆಂಗಸು ತನಿಖೆಗೆ ಬಂದ ಸಾಹೇಬರ ಎದುರು ತಲೆನೋವು, ತುರಿಕೆ, ಮುಟ್ಟಿನ ಏರುಪೇರು, ಇಳಿದುಹೋದ ಬಸಿರು ಇವುಗಳನ್ನು ಹೇಳಿಕೊಳ್ಳುವುದಿಲ್ಲ. ಮುಂದೆ ಕೂತವಳು ತನ್ನಂಥವಳೇ ಆದರೆ ಹೇಳಿಯಾಳು.

ಪಟ್ಟಣದಲ್ಲಿರುವ ನಮ್ಮ ನಿಮ್ಮಂಥವರು ಮಾಡಬಹುದಾದದ್ದೂ ಇದೆ. ಮನೆಯ ಕೈತೋಟಕ್ಕೆ ತಂದ ಸಣ್ಣ ಬಾಟಲಿಯ ತ್ರಿಕೋನ ಯಾವ ಬಣ್ಣದ್ದು ಎಂದು ನೋಡಬಹುದು, ಒಳಗಿನ ಕನ್ನಡದ ಚೀಟಿಯನ್ನು ಕನ್ನಡಕ ಹಾಕಿಕೊಂಡಾದರೂ ಓದಬಹುದು. ಗಿಡಕ್ಕೆ ಮದ್ದು ಹೊಡೆಯಲು ಬರುವ ಆಳಿಗೆ ಕೈಗವಸು ಕೊಡಬಹುದು, ಕೈ ತೊಳೆಯಲು ಸೋಪು, ನೀರು ಕೊಟ್ಟ ಮೇಲೆಯೇ ಕಾಫಿ ಕೊಡಬಹುದು. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕೆಂದು ಅವನ ಹೆಂಡತಿಗೂ ತಿಳಿಸಬಹುದು. ಖಾಲಿ ಡಬ್ಬಿಯನ್ನು ತೊಳೆದು ಬೇಳೆ ತುಂಬಿಡುವ ಜಾಣತನವನ್ನು ಬಿಡಬಹುದು. ಹಳ್ಳಿಯಲ್ಲಿರುವ ಅತ್ತಿಗೆ, ನಾದಿನಿಯರಿಗೆ, ಮದ್ದು ಕಲಸುವಾಗ ನೀರು ಹೊಯ್ಯಲು ನಿಂತರೆ ಗಾಳಿ ಬರುವ ಕಡೆ ನಿಲ್ಲು, ಬಸಿರಿದ್ದರೆ ನಿಲ್ಲಲೇಬೇಡ ಎಂದು ಹೇಳಬಹುದು. ಇವೆಲ್ಲ ದೊಡ್ಡ ಕ್ರಾಂತಿಯಲ್ಲ, ಆದರೆ ಕಾಯಿದೆಗೆ ಕಾಣದ ಜಾಗಗಳಲ್ಲಿ ಹೆಂಗಸರು ಹೆಂಗಸರಿಗೆ ತಲುಪಿಸಬಹುದಾದ ಮಾತುಗಳು.

ಹಿಟ್ಟಿಗೆ ವಿಷ ಬೆರೆತ ಮೇಲೆ ಕಾಯಿದೆ ಬರಲು 10 ವರ್ಷ, ಅದರ ನಿಯಮಗಳಿಗೆ ಇನ್ನೂ 3. ಪಡ್ರೆಯ ಕರುಗಳಿಂದ ಹೆಲಿಕಾಪ್ಟರ್ ನಿಲ್ಲುವವರೆಗೆ ಸುಮಾರು 20. ಭೋಪಾಲದಿಂದ ಕಾರ್ಬರಿಲ್ ನಿಷೇಧದವರೆಗೆ 34. ಈ ವರ್ಷಗಳೆಲ್ಲ ಸರ್ಕಾರದ ಕಡತದಲ್ಲಿ ಕಳೆದದ್ದಲ್ಲ, ಯಾರದೋ ಮೈಯಲ್ಲಿ ಕಳೆದದ್ದು. ಅವು ಎಷ್ಟಾದರೂ ಕಡಿಮೆಯಾದದ್ದಿದ್ದರೆ ಅದು ಒಬ್ಬ ಮಿಸ್ ನಿಕಲ್ಸನ್, ಒಬ್ಬ ಲೀಲಾಕುಮಾರಿ ಅಮ್ಮ ಹೋಗಿ ನೋಡಿದ್ದರಿಂದ, ನೋಡಿದ್ದನ್ನು ಮುಚ್ಚಿಡದೆ ಹೇಳಿದ್ದರಿಂದ. ತೋಟಗಾರಿಕೆ ಓದಲು ಹೊರಟ ಮಗಳಿಗೆ ಗಿಡದ ರೋಗ ಗುರುತಿಸುವುದನ್ನು ಕಾಲೇಜು ಕಲಿಸುತ್ತದೆ. ಗಿಡದ ಪಕ್ಕ ನಿಂತವಳ ಕೈಯನ್ನೂ ಒಮ್ಮೆ ತಿರುಗಿಸಿ ನೋಡು ಎಂದು ಹೇಳಿ ಕಳಿಸುವುದು ನಮ್ಮ ಕೆಲಸ.